ಹಾಲಿನ ಮಿತಿ

ವಿಭೂತಿ ನಿಲ್ಲುತ್ತಿರಲಿಲ್ಲ. ಇಂದಿರಾ ಮೂರು ಬೆರಳು ಅದ್ದಿ ಗಂಡನ ಹಣೆಯ ಮೇಲೆ ಎಳೆದಷ್ಟೂ ಬೂದಿ ಜಾರಿ ಹುಬ್ಬಿನ ಮೇಲೆ ಉದುರುತ್ತಿತ್ತು. ಫ್ಯೂನರಲ್ ಹೋಮಿನವರು ಹಣೆಗೆ ಮೇಣದಂಥದ್ದೇನೋ ಬಳಿದಿದ್ದರು. ಕೆನ್ನೆಗೆ ತೆಳುವಾಗಿ ಗುಲಾಬಿ ಬಣ್ಣ. ಬದುಕಿದ್ದಾಗ ರುದ್ರಪ್ಪ ಇಷ್ಟು ಆರೋಗ್ಯವಾಗಿ ಕಂಡದ್ದೇ ಇಲ್ಲ.

“ಏನ್ ಬಳದಾರ ಇವರು ಮುಖಕ್ಕ?”

“ಮೇಕಪ್, ಅಮ್ಮ. ಎಲ್ಲರಿಗೂ ಮಾಡ್ತಾರೆ. ಇಟ್ಸ್ ಓಕೆ,” ಎಂದಳು ಮಗಳು ಪ್ರೇರಣಾ.

“ಏನ್ ಓಕೆ? ಹಸಿ ಅರಿವಿ ಕೊಡು.”

ಪ್ರೇರಣಾ ಬಾತ್‌ರೂಮಿಗೆ ಹೋಗಿ ಕಾಗದದ ಟವೆಲ್ ನೆನೆಸಿ ತಂದಳು. ಇಂದಿರಾ ಹಣೆ ಒರೆಸಿದಳು. ಕೆನ್ನೆ, ಮೂಗು, ಕಿವಿಯ ಹಿಂದೆ. ಟವೆಲ್ ತುಂಬ ಬಣ್ಣ ಬಂತು. ಅದರ ಕೆಳಗಿನಿಂದ ರುದ್ರಪ್ಪನ ನಿಜವಾದ ಮುಖ ಹೊರಬಂತು, ಬೂದುಗಟ್ಟಿದ, ದಣಿದ ಮುಖ. ಅದರ ಮೇಲೆ ವಿಭೂತಿ ನಿಂತಿತು.

ಬಾಗಿಲ ಹತ್ತಿರ ಉಮಾಶಂಕರ ಫೋನು ಹಿಡಿದು ನಿಂತಿದ್ದ. ಅವನು ಹುಬ್ಬಳ್ಳಿಯ ಕಡೆಯ ಜಂಗಮರ ಹುಡುಗ, ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್. ಸ್ಯಾನ್ ಡಿಯಾಗೋದಲ್ಲಿ ಲಿಂಗಾಯತರ ಮನೆಯಲ್ಲಿ ಏನೇ ಆದರೂ ಅವನನ್ನೇ ಕರೆಯುತ್ತಿದ್ದರು. ಕ್ರಮ ಏನೆಂದು ಅವನು ಊರಿನಲ್ಲಿದ್ದ ದೊಡ್ಡಪ್ಪನಿಗೆ ಫೋನು ಮಾಡಿ ಕೇಳಿಕೊಳ್ಳುತ್ತಿದ್ದ.

“ಆಂಟಿ, ಮತ್ತೊಮ್ಮೆ ಕೇಳಿದೆ ಅವರಿಗೆ. ನಮ್ಮಂಗ ಕೂಡ್ರಿಸಿ ಮಣ್ಣ ಮಾಡಾಕ ಬಿಡೂದಿಲ್ಲಂತ. ಮಲಗಿಸೇ ಮಣ್ಣ ಮಾಡಬೇಕಂತ.”

“ಹೂಂ.”

“ಮತ್ತ... ಪೆಟ್ಟಿಗಿ ಸುತ್ತ ಒಂದು ಕಾಂಕ್ರೀಟ್ ಡಬ್ಬಿ ಇರತೈತಂತ್ರಿ ಕೆಳಗ. ಇಲ್ಲಿ ರೂಲ್ ಹಂಗೈತಿ.”

“ಅಂದ್ರ ಮಣ್ಣು ಮೈಗೆ ಹತ್ತೂದಿಲ್ಲ.”

ಉಮಾಶಂಕರ ಫೋನನ್ನು ಜೇಬಿಗೆ ಇಟ್ಟುಕೊಂಡ.

ಹೊರಗಿನ ಕೋಣೆಯಲ್ಲಿ ಬಂದವರು ಕುರ್ಚಿಗಳ ಮೇಲೆ ಚದುರಿ ಕೂತಿದ್ದರು. ಹೆಚ್ಚಿನವರು ಕನ್ನಡ ಸಂಘದವರು. ಫೋನಿಗೆ ಬಂದ ಸುದ್ದಿ ನೋಡಿ, ಶನಿವಾರವಾದ್ದರಿಂದ ಬಂದಿದ್ದರು. ರುದ್ರಪ್ಪನ ಆಫೀಸಿನಿಂದ ಇಬ್ಬರು ಬಂದು, ಬಿಳಿ ಹೂವಿನ ಗುಚ್ಛ ಇಟ್ಟು, ಪ್ರೇರಣಾಳ ಕೈ ಕುಲುಕಿ ಹೋಗಿಬಿಟ್ಟಿದ್ದರು. ಮುಂದಿನ ಓಣಿಯಲ್ಲೇ ಮನೆಯಿದ್ದ ಚಂದ್ರಮೋಹನ್ ಎಲ್ಲ ಏರ್ಪಾಟು ನೋಡಿಕೊಳ್ಳುತ್ತಿದ್ದರು. ಅವರ ಹೆಂಡತಿ ರೇಖಾ ಪಕ್ಕದವರ ಪ್ರಶ್ನೆಗೆ ಮೆಲ್ಲನೆ ಉತ್ತರಿಸುತ್ತಿದ್ದದ್ದು ಇಂದಿರಾಳಿಗೆ ಕೇಳಿಸಿತು.

“ಏನ್ ಕೆಲಸದಲ್ಲಿದ್ರು ಅವ್ರು?”

“ಅಗ್ರಿಕಲ್ಚರ್ ಎಕನಾಮಿಕ್ಸು. ಯೂರೋಪಿನ ರೈತರದ್ದು, ಸಬ್ಸಿಡಿ, ಅದೂ ಇದೂ.”

“ಇಲ್ಲಿ ರಾಂಚೊ ಬರ್ನಾರ್ಡೊದಲ್ಲಿ ಕೂತ್ಕೊಂಡು ಯೂರೋಪಿನ ರೈತರದ್ದಾ?”

“ನಂಗೂ ಸರಿಯಾಗ್ ಗೊತ್ತಿಲ್ಲ. ಅವ್ರು ಮಾತಾಡ್ತಾನೇ ಇರ್ಲಿಲ್ವಲ್ಲ. ಹಬ್ಬಕ್ಕೆ ಕರೆದ್ರೂ ತಟ್ಟೆ ಹಿಡ್ಕೊಂಡು ಮೂಲೇಲಿ ನಿಂತಿರೋರು.”

*

ಮಾತಾಡುತ್ತಿದ್ದ ಕಾಲವೂ ಒಂದಿತ್ತು. 2013ರ ಬೇಸಿಗೆಯಲ್ಲಿ ಅಟ್ಲಾಂಟಿಕ್ ಸಮುದ್ರದ ನಡುವಿನ ಪೋರ್ಚುಗೀಸರ ದ್ವೀಪವೊಂದರಿಂದ, ಟೆರ್ಸೇರಾದಿಂದ, ರುದ್ರಪ್ಪ ವಾಪಸ್ಸಾದಾಗ ಊಟದ ತಟ್ಟೆ ಒಣಗುವತನಕ ಮಾತಾಡಿದ್ದ.

“ಕರೀ ಕಲ್ಲಿನ ಗೋಡಿ, ನಡುವ ಹಸರು ಹುಲ್ಲು. ದನಾ ಮನಿಗೆ ಬರೂದಿಲ್ಲ. ರೈತರೇ ಮಷಿನ್ ತೊಗೊಂಡು ಹೊಲಕ್ಕ ಹೋಗಿ ಹಾಲು ಹಿಂಡತಾರ. ಮನುವೆಲ್ ಅಂತ ಒಬ್ಬಾಂವ, ಅವರ ಮನ್ಯಾಗ ಉಳಕೊಂಡಿದ್ದೆ. ಒಂದೊಂದು ಆಕಳಿಗೂ ಹೆಸರಿಟ್ಟಾನ.”

ಯುರೋಪಿನ ದೇಶಗಳಲ್ಲಿ ಒಬ್ಬ ರೈತ ವರ್ಷಕ್ಕೆ ಇಷ್ಟೇ ಹಾಲು ಮಾರಬಹುದು ಎಂದು ಮಿತಿಯಿತ್ತು. ಮೀರಿದರೆ ದಂಡ. ಆ ಮಿತಿಯನ್ನು ತೆಗೆದರೆ ಏನಾದೀತು ಎಂದು ಅಂದಾಜು ಮಾಡುವ ಎಷ್ಟೋ ತಂಡಗಳಲ್ಲಿ ರುದ್ರಪ್ಪನ ಆಫೀಸಿನದೂ ಒಂದು. ತೆಗೆಯಬೇಕು ಎಂದೇ ಅವನ ವಾದ. ರೈತನನ್ನು ಸರ್ಕಾರ ಹಾಲಿನ ಲೆಕ್ಕದಲ್ಲಿ ಕಟ್ಟಿಹಾಕುವುದೂ, ಹೆಚ್ಚಾದದ್ದನ್ನು ಪುಡಿ ಮಾಡಿ, ಅದಕ್ಕೆ ಸಬ್ಸಿಡಿ ಕೊಟ್ಟು, ಬಡದೇಶಗಳಿಗೆ ಅಗ್ಗದಲ್ಲಿ ಸಾಗಿಸುವುದೂ ಎರಡೂ ನಿಲ್ಲಬೇಕು ಎನ್ನುತ್ತಿದ್ದ. ಆ ಮಾತಿಗೆ ಬಂದಾಗಲೆಲ್ಲ ಅವನ ತಾಯಿ ಪ್ರೇಮವ್ವ ಬಂದೇ ಬರುತ್ತಿದ್ದಳು.

“ನಮ್ಮವ್ವ ಒಂದಿನ ಡೇರಿಗೆ ಹಾಲು ಹಾಕಾಕ ಹೋದ್ರ, ಇವತ್ತ ಬ್ಯಾಡ, ಪೌಡರ್ ಬಂದೈತಿ ಅಂತ ತಿರುಗಿ ಕಳಿಸಿದ್ರು. ತುಂಬಿದ ಕೊಡ ಹೊತ್ಕೊಂಡು ವಾಪಸ್ ಬಂದ್ಳು. ನಾನು ಆಕಿ ಬೆನ್ನಿಂದ ಬರಾಕತ್ತಿದ್ದೆ. ಆ ಪೌಡರ್ ಎಲ್ಲಿಂದ ಬಂದಿತ್ತು ಅಂತ ಕಾಲೇಜಿಗೆ ಹೋದ ಮ್ಯಾಲೆ ಗೊತ್ತಾತು.”

“ನಿಮ್ಮವ್ವನ ಹಾಲಿನ ಸಿಟ್ಟು ಇನ್ನೂ ಇಳದಿಲ್ಲೇನ್ರಿ?” ಎಂದು ಇಂದಿರಾ ನಕ್ಕಿದ್ದಳು. ಅವನೂ ನಕ್ಕಿದ್ದ.

“ಮನುವೆಲ್ ಕೇಳಿದ, ಮಿತಿ ತಗದ್ರ ನನಗೇನ್ ಆಗತೈತಿ ಅಂತ. ಇನ್ನಷ್ಟು ಹಾಲು ಹಿಂಡಬಹುದಪ್ಪ, ಯಾರೂ ಕೇಳಂಗಿಲ್ಲ ಅಂದೆ. ಹಂಗಾದ್ರ ಇನ್ನೊಂದಿಷ್ಟು ಆಕಳಾ ತರ್ತೀನಿ ಅಂದ.”

ಇಂದಿರಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡ ಎನ್ನಲಿಲ್ಲ.

*

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಒಬ್ಬ ಅಪರಿಚಿತ ಒಳಗೆ ಬಂದ. ಬಿಗಿಯಾದ ಕಪ್ಪು ಕೋಟು, ಕೈಯಲ್ಲಿ ಟೋಪಿ. ಬೆರಳುಗಳು ದಪ್ಪ, ಉಗುರುಗಳು ಒಡೆದಿದ್ದವು. ಚಂದ್ರಮೋಹನ್ ಎದ್ದು ಹೋಗಿ, ದಾರಿ ತಪ್ಪಿ ಬಂದವನಿರಬೇಕೆಂದು ತಡೆಯಲು ನೋಡಿದರು. ಅವನು ತಲೆಯಾಡಿಸಿ ನೇರ ಪೆಟ್ಟಿಗೆಯ ಹತ್ತಿರ ಬಂದು ರುದ್ರಪ್ಪನ ಮುಖ ನೋಡುತ್ತ ನಿಂತ.

“ಓ,” ಎಂದಳು ಪ್ರೇರಣಾ. “ಅಮ್ಮ, ಇವರೇ ಇರಬೇಕು. ಸೋಮವಾರ ಅಪ್ಪನ ಫೋನಿಗೆ ಕಾಲ್ ಮಾಡಿದ್ರು. ‘ವೈ ಹಿ ಡಿಡ್ ನಾಟ್ ಕಮ್’ ಅಂತ ಕೇಳಿದ್ರು. ಐ ಟೋಲ್ಡ್ ಹಿಮ್.”

“ಎಲ್ಲಿಗೆ ಬರಲಿಲ್ಲಂತ?”

ಆತ ತಿರುಗಿ ಪ್ರೇರಣಾಳನ್ನು ನೋಡಿದ, ಆಮೇಲೆ ಇಂದಿರಾಳನ್ನು. ಅವನ ಇಂಗ್ಲಿಷ್ ತಡವರಿಸುತ್ತಿತ್ತು, ಆದರೆ ಇಂದಿರಾಳಿಗೆ ಎಲ್ಲ ತಿಳಿಯಿತು.

“ನನ್ನ ಹೆಸರು ಮನುವೆಲ್. ನೀವು ಅವನ ತಂಗಿಯೇ?”

“ಹೆಂಡತಿ.”

ಮನುವೆಲ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಕ್ಷಮಿಸಿ,” ಎಂದ. “ನಾನು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಒಂಟಿ ಮನುಷ್ಯ ಅಂದುಕೊಂಡಿದ್ದೆ.”

ರೇಖಾ ಬಂದು ಇಂದಿರಾಳ ಭುಜ ಹಿಡಿದಳು. ಇಂದಿರಾ ಆ ಕೈಯನ್ನು ಮೆಲ್ಲಗೆ ಸರಿಸಿ, ಪಕ್ಕದ ಕುರ್ಚಿ ತೋರಿಸಿ ಮನುವೆಲ್‌ಗೆ ಕೂತುಕೊಳ್ಳಲು ಹೇಳಿದಳು.

*

ಮಿತಿ ಹೋದದ್ದು 2015ರ ವಸಂತದಲ್ಲಿ. ಆ ದಿನ ಆಫೀಸಿನಲ್ಲಿ ಕೇಕು ಕತ್ತರಿಸಿದರೆಂದು ರುದ್ರಪ್ಪ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದಿದ್ದ. ಯುರೋಪಿನ ದೊಡ್ಡ ಡೇರಿಗಳೆಲ್ಲ ಹಾಲು ಹೆಚ್ಚಿಸಿದವು. ಅದೇ ಹೊತ್ತಿಗೆ ಹೊರಗೆ ಕೊಳ್ಳುವವರು ಕಡಿಮೆಯಾದರು. ಬೆಲೆ ಕುಸಿಯಿತು. ಕುಸಿದೀತು ಎಂದು ರುದ್ರಪ್ಪನ ಲೆಕ್ಕದಲ್ಲೂ ಇತ್ತು. ಆದರೆ ಎರಡು ವರ್ಷಕ್ಕೆ ಸುಧಾರಿಸುತ್ತದೆ ಎಂದೂ ಇತ್ತು. ಅದು ನಿಜವೇ ಆಯಿತು. ಅಲ್ಲಿಯತನಕ ತಡೆದುಕೊಂಡವರಿಗೆ.

ಒಂದು ಬೆಳಿಗ್ಗೆ ಇಂದಿರಾ ಚಹಾ ಸೋಸುತ್ತಿರುವಾಗ ಫೋನು ಬಂತು. ಆ ಕಡೆ ಯಾರೋ ಕೂಗಾಡುತ್ತಿದ್ದದ್ದು ಅವಳಿಗೂ ಕೇಳಿಸಿತು. ರುದ್ರಪ್ಪ “ಯೆಸ್, ಯೆಸ್” ಎನ್ನುತ್ತ ಹಿತ್ತಲಿನ ಬಾಗಿಲ ಹತ್ತಿರ ನಿಂತೇ ಇದ್ದ.

“ಯಾರ್ದು?”

“ಆಫೀಸಿಂದು.”

ಚಹಾ ಆರಿತು. ಅವನು ಕುಡಿಯಲಿಲ್ಲ. ಕೆಲವು ತಿಂಗಳಾದ ಮೇಲೆ ಹಾಲಿನ ವಿಭಾಗ ಬಿಟ್ಟು ಬಾದಾಮಿ ತೋಟಗಳ ನೀರಿನ ಲೆಕ್ಕಕ್ಕೆ ಹೋದ. ಯಾಕೆಂದು ಕೇಳಿದರೆ “ಅದ ಇದ, ಎಲ್ಲಾ ಒಂದ” ಎಂದ. ಪ್ರೇರಣಾ ಆಗಲೇ ಬರ್ಬ್ಯಾಂಕ್‌ನ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮನೆ ಮಾಡಿದ್ದಳು. ಮನೆಯಲ್ಲಿ ಇಬ್ಬರೇ. ಒಬ್ಬರು ಟಿವಿ ಹಚ್ಚಿದರೆ ಇನ್ನೊಬ್ಬರು ಬೇರೆ ಕೋಣೆಗೆ ಹೋಗುವ ರೂಢಿ ಯಾವಾಗ ಬಂತೋ ಇಂದಿರಾಳಿಗೆ ನೆನಪಿಲ್ಲ. ಭಾನುವಾರ ಊಟವಾದದ್ದೇ ಅವನು “ಲೈಬ್ರರಿಗೆ ಹೊಂಟೆ” ಎಂದು ಹೊರಡುತ್ತಿದ್ದ. ಅವಳು “ಹೂಂ” ಎನ್ನುತ್ತಿದ್ದಳು.

ಸೋಮವಾರ ಬಟ್ಟೆ ಒಗೆಯಲು ಹಾಕುವಾಗ ಅವನ ಅಂಗಿಯಿಂದ ಸಗಣಿಯ ವಾಸನೆ ಬರುತ್ತಿತ್ತು. ಮೊದಲ ಸಲ ಅವಳು ಅಂಗಿಯನ್ನು ಮುಖಕ್ಕೆ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದಳು. ಈ ಊರಿನಲ್ಲಿ ಎಲ್ಲಿಯ ಸಗಣಿ? ತನಗೇ ತಲೆ ಕೆಟ್ಟಿರಬೇಕು, ಊರಿನ ನೆನಪು ಹೀಗೆ ಮೂಗಿಗೆ ಏರುತ್ತಿದೆ ಎಂದುಕೊಂಡಳು. ಇದನ್ನು ಗಂಡನಿಗೆ ಹೇಳಿದರೆ ಡಾಕ್ಟರ ಹತ್ತಿರ ಕರೆದೊಯ್ದಾನು. ಹೇಳಲಿಲ್ಲ. ಆಮೇಲಾಮೇಲೆ ಸೋಮವಾರಕ್ಕೆ ಕಾಯತೊಡಗಿದಳು.

*

“ಟೆರ್ಸೇರಾದಲ್ಲಿ ಎಲ್ಲ ಮಾರಿದೆ,” ಎಂದ ಮನುವೆಲ್. “ಇಲ್ಲಿ ಆರ್ಟೀಸಿಯಾದಲ್ಲಿ ನನ್ನ ಅಕ್ಕ ಇದ್ದಾಳೆ. ಹಿಂದೆ ಅಲ್ಲೆಲ್ಲ ನಮ್ಮ ಜನರ ಹಾಲಿನ ಕೊಟ್ಟಿಗೆಗಳೇ ಇದ್ದವು, ಈಗ ಇಲ್ಲ. ನಿಮ್ಮವರ ಸೀರೆ ಅಂಗಡಿಗಳಿವೆ. ಅಕ್ಕನ ಗಂಡ ಹುಡುಕಿ ಸ್ಯಾನ್ ಪಾಸ್ಕ್ವಾಲ್ ಕಣಿವೆಯಲ್ಲಿ ಕೆಲಸ ಕೊಡಿಸಿದ. ಬೇರೆಯವರ ದನ.”

“ಸ್ಯಾನ್ ಪಾಸ್ಕ್ವಾಲ್? ಅದು ನಮ್ಮ ಮನೆಯ ಹಿಂದಿನ ಗುಡ್ಡ ದಾಟಿದರೆ ಸಿಗುತ್ತದೆ,” ಎಂದಳು ಇಂದಿರಾ.

“ಹೌದು. ಹತ್ತಿರ ಅಂತ ತಿಳಿದ ಮೇಲೆ ಫೋನು ಮಾಡಿದೆ. ಬಾ, ನೀನು ಬರೆದದ್ದು ಏನು ಮಾಡಿತು ನೋಡು ಬಾ ಅಂದೆ. ಬರುವುದಿಲ್ಲ ಅಂದುಕೊಂಡಿದ್ದೆ. ಬಂದ. ತುಂಬ ಬೈದೆ. ಪೋರ್ಚುಗೀಸಿನಲ್ಲಿ ಬೈದೆ, ಇಂಗ್ಲಿಷಿನಲ್ಲಿ ಅಷ್ಟು ಬೈಗುಳ ನನಗೆ ಬರುವುದಿಲ್ಲ. ನಿಂತು ಕೇಳಿದ. ಆಮೇಲೆ ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡ.”

“ಏನಂದರು?”

“ಏನೂ ಅನ್ನಲಿಲ್ಲ. ಸಗಣಿ ಬಾಚಿದ. ಮುಂದಿನ ಭಾನುವಾರ ಮತ್ತೆ ಬಂದ. ನಾನು ಮತ್ತೆ ಬೈದೆ. ಆಮೇಲೆ ಒಂದು ದಿನ ಬೈಗುಳ ಮುಗಿದವು. ಅವನು ಬರುವುದು ನಿಲ್ಲಲಿಲ್ಲ. ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಅವುಗಳ ಹತ್ತಿರ ಮಾತ್ರ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ. ಬಹಳ ಮಾತಾಡುತ್ತಿದ್ದ.”

ಇಂದಿರಾ ಎದ್ದು ಕಿಟಕಿಯ ಹತ್ತಿರ ಹೋದಳು. ಬಂದದ್ದು ಅಳುವಲ್ಲ, ಸಿಟ್ಟು. ಮೂರು ವರ್ಷ ಮನೆಯಲ್ಲಿ ಒಂದು ಮಾತಿಲ್ಲದ ಗಂಡ, ಗುಡ್ಡದಾಚೆ ಕರುಗಳ ಹತ್ತಿರ ಕನ್ನಡ ಮಾತಾಡುತ್ತಿದ್ದ. ತಾನು ಇತ್ತ ಕೇಳಲು ಕಿವಿ ಇಟ್ಟುಕೊಂಡು ಕೂತಿದ್ದಳು. ಹೋಗಿ ಪೆಟ್ಟಿಗೆಯ ಅಂಚು ಹಿಡಿದು ಅಲ್ಲಾಡಿಸಬೇಕು ಎನಿಸಿತು.

“ಆಂಟಿ, ಟೈಮ್ ಆಯ್ತು,” ಎಂದು ಉಮಾಶಂಕರ ಕರೆದ.

ಸ್ಮಶಾನದಲ್ಲಿ ಹುಲ್ಲನ್ನು ಒಂದೇ ಅಳತೆಗೆ ಕತ್ತರಿಸಿದ್ದರು. ಗುಂಡಿಯ ಅಂಚಿಗೆ ಹಸಿರು ಪ್ಲಾಸ್ಟಿಕ್ ಹಾಸಿ, ಅಗೆದ ಮಣ್ಣನ್ನು ಕಣ್ಣಿಗೆ ಬೀಳದಂತೆ ಮುಚ್ಚಿದ್ದರು. ಪೆಟ್ಟಿಗೆ ಯಂತ್ರದ ಪಟ್ಟಿಗಳ ಮೇಲೆ ಸದ್ದಿಲ್ಲದೆ ಇಳಿಯಿತು. ಉಮಾಶಂಕರ ಮಂತ್ರ ಹೇಳಿದ. ನಡುವೆ ಮರೆತು ನಿಂತು ಮತ್ತೆ ಮೊದಲಿನಿಂದ ಹೇಳಿದ. ಕಾಂಕ್ರೀಟಿನ ಮುಚ್ಚಳ ಕೂತ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಮುಚ್ಚಳದ ಮೇಲೆ ಬಿದ್ದ ಮಣ್ಣು ಟೊಳ್ಳು ಸದ್ದು ಮಾಡಿತು. ಮನುವೆಲ್ ಕೊನೆಗೆ ಬಂದು, ಹಸಿರು ಪ್ಲಾಸ್ಟಿಕ್ಕನ್ನು ಕಾಲಿನಿಂದ ಸರಿಸಿ, ಎರಡೂ ಕೈ ತುಂಬ ಬಾಚಿ ಹಾಕಿದ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಹಾಲು ಹಿಂಡುವ ಹೊತ್ತಾಯಿತೆಂದು ಹೇಳಿ ಹೊರಟ.

“ಈಗ ಮನೆಗೆ ಹೋಗಿ ಸ್ನಾನ ಮಾಡ್ಬಿಡಿ ಆಂಟಿ. ಅನ್ನ ಸಾರು ಮಾಡಿಟ್ಟಿದೀನಿ,” ಎಂದಳು ರೇಖಾ.

“ಆಮ್ಯಾಲೆ ಬರ್ತೀನಿ. ಪ್ರೇರಣಾ, ಗಾಡಿ ತಗಿ.”

“ಎಲ್ಲಿಗೆ, ಅಮ್ಮ?”

“ಆತ ಹೋದನಲ್ಲ, ಆತನ ಹಿಂದ.”

“ಅಮ್ಮ, ಯು ಹ್ಯಾವೆಂಟ್ ಈಟನ್ ಎನಿಥಿಂಗ್.”

“ನಿಮ್ಮಪ್ಪನ್ನ ಬೈಯೂದೈತಿ ನನಗೂ. ನಡಿ.”

ಸಮಾಧಿಗೆ ಹೋಗಿ ಬಂದವರು ಮೊದಲು ತಲೆಗೆ ನೀರು ಹಾಕಿಕೊಳ್ಳಬೇಕು ಎಂದು ಚಂದ್ರಮೋಹನ್ ಹೇಳಹೊರಟಾಗ ಇಂದಿರಾ ಆಗಲೇ ಕಾರಿನತ್ತ ನಡೆದಿದ್ದಳು.

ಪ್ರೇರಣಾ ಅಪ್ಪನ ಹಳೆಯ ಕಾರನ್ನೇ ತಂದಿದ್ದಳು. ಹೆದ್ದಾರಿ ಬಿಟ್ಟು ಗುಡ್ಡ ಇಳಿದರೆ ಮನೆಗಳೇ ಇಲ್ಲದ ಕಣಿವೆ. ಎರಡೂ ಕಡೆ ಕಿತ್ತಳೆ, ಅವಕಾಡೊ ತೋಟ. ಮನುವೆಲ್‌ನ ಟ್ರಕ್ಕು ಒಂದು ಮಣ್ಣುದಾರಿಗೆ ತಿರುಗಿತು, ಪ್ರೇರಣಾಳೂ ತಿರುಗಿದಳು. ಉದ್ದನೆಯ ತಗಡಿನ ಮಾಡು, ಅದರ ಮುಂದೆ ಬೇಲಿ ಹಾಕಿದ ಅಂಗಳ. ಮನುವೆಲ್ ಟ್ರಕ್ಕಿನಿಂದ ಇಳಿದು ಕೋಟು ಕಳಚುತ್ತ ಒಳಗೆ ಹೋದ. ಅವನತ್ತ ಯಾವ ಕರುವೂ ತಲೆ ಎತ್ತಲಿಲ್ಲ.

ಪ್ರೇರಣಾ ಕಾರನ್ನು ಬೇಲಿಯ ಪಕ್ಕಕ್ಕೆ ತಂದಳು. ಅಂಗಳದ ಆ ತುದಿಯಲ್ಲಿ ನೆರಳಿನಲ್ಲಿ ಮಲಗಿದ್ದ ಕರುಗಳು ಎದ್ದವು. ಮೊದಲು ಒಂದೆರಡು, ಆಮೇಲೆ ಎಲ್ಲವೂ. ಧೂಳೆಬ್ಬಿಸಿಕೊಂಡು ಓಡಿ ಬಂದು ಬೇಲಿಗೆ ಎದೆ ಹಚ್ಚಿ, ಕಂಬಿಗಳ ನಡುವೆ ಮೂತಿ ತೂರಿಸಿ, ಒಂದನ್ನೊಂದು ನೂಕುತ್ತ ನಿಂತವು. ಪ್ರೇರಣಾ ಎಂಜಿನ್ ನಿಲ್ಲಿಸಿದಳು. ಅವಳ ಕೈ ಕೀಲಿಯ ಮೇಲೇ ಉಳಿಯಿತು.

ಇಂದಿರಾ ತನ್ನ ಕಡೆಯ ಬಾಗಿಲು ತೆರೆದು ಇಳಿದಳು. ಸೆರಗು ಬಿಗಿದುಕೊಂಡು ಕಾರನ್ನು ಬಳಸಿ ಬೇಲಿಯತನಕ ಬಂದಳು. ಕರುಗಳು ಅವಳತ್ತ ಕಣ್ಣು ಹೊರಳಿಸಲಿಲ್ಲ. ಅವೆಲ್ಲ ಕತ್ತು ಚಾಚಿ, ಇನ್ನೂ ಮುಚ್ಚಿಯೇ ಇದ್ದ ಡ್ರೈವರ್ ಕಡೆಯ ಬಾಗಿಲನ್ನೇ ನೋಡುತ್ತ ನಿಂತಿದ್ದವು.