ಎರಡು ತಾಲ್ಲೂಕಿನ ನಡುವೆ ಹದಿನಾರು ಮನೆ

ಮಂಜುಳಾ ಕೆರೆ ಏರಿಯ ಮೇಲೆ ಸ್ಕೂಟರ್ ನಿಲ್ಲಿಸಿ, ಬಿಸಿಲಿಗೆ ಸೆರಗು ಮರೆ ಮಾಡಿಕೊಂಡು ಮೊಬೈಲಿನಲ್ಲಿದ್ದ ನಕ್ಷೆ ನೋಡಿದಳು. ಜನಗಣತಿಗೆಂದು ಅವಳಿಗೆ ಕೊಟ್ಟಿದ್ದ ಬ್ಲಾಕಿನ ಗಡಿ ಏರಿಗೇ ಮುಗಿಯುತ್ತಿತ್ತು. ಕೆಂಪು ಗೆರೆಯಾಚೆ ನಕ್ಷೆಯಲ್ಲಿ ಏನೂ ಇರಲಿಲ್ಲ. ಕಣ್ಣೆದುರಿಗೆ ಮಾತ್ರ ಮನೆಗಳಿದ್ದವು. ಮುಚ್ಚಿಹೋದ ಕಲ್ಲುಕ್ವಾರಿಯ ಪಕ್ಕದಲ್ಲಿ ಕೆಲವು ಹೆಂಚಿನವು, ಉಳಿದವು ಶೀಟಿನವು. ಎಣಿಸಿದಳು. ಹದಿನಾರು.

ಹಳೇಬೀಡಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದ ಅವಳನ್ನು ಜನಗಣತಿಗೆ ಗಣತಿದಾರಳಾಗಿ ನೇಮಿಸಿದ್ದರು. ಮನೆಪಟ್ಟಿ ಕೆಲಸ ಶುರುವಾಗಲು ಇನ್ನು ಎಂಟು ದಿನವಿತ್ತು. ಅದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಬ್ಲಾಕಿನ ಗಡಿ ಸುತ್ತಿ, ನಕ್ಷೆ ಸರಿಯಾಗಿದೆಯೆಂದು ಒಪ್ಪಿಗೆ ಕೊಡಬೇಕಿತ್ತು. ಇವತ್ತು ಸಂಜೆ ಐದಕ್ಕೆ ಅದರ ಗಡುವು ಮುಗಿಯುತ್ತಿತ್ತು. ಆಮೇಲೆ ಯಾವ ಗೆರೆಯನ್ನೂ ತಿದ್ದುವ ಹಾಗಿರಲಿಲ್ಲ. ಈಗಾಗಲೇ ಒಂದೂವರೆಯಾಗಿತ್ತು.

ಏರಿಯಾಚೆ ಅರಸೀಕೆರೆ ತಾಲ್ಲೂಕು ಎಂದು ಅವಳು ತಿಳಿದಿದ್ದಳು. ಆ ಕಡೆಯ ಗಣತಿದಾರ ದೀಪಕ್‌ಗೆ ಫೋನ್ ಮಾಡಿದಳು.

“ಇಲ್ಲ ಮೇಡಂ, ನನ್ನ ಬ್ಲಾಕು ಮರುಳಪ್ಪನೋರ ತೆಂಗಿನತೋಟದ ಹತ್ರಾನೇ ಮುಗಿಯುತ್ತೆ. ಆ ಮನೆಗಳು ನಿಮ್ಮ ಬೇಲೂರು ತಾಲ್ಲೂಕಿಗೆ ಸೇರಿರ್ಬೇಕು.”

“ನನ್ನದ್ರಲ್ಲೂ ಇಲ್ಲ ದೀಪಕ್.”

“ಹಾಗಾದ್ರೆ ಎರಡರಲ್ಲೂ ಇಲ್ಲ ಅಂತಾಯ್ತು,” ಎಂದು ಅವನು ಫೋನಿಟ್ಟ.

ಅವಳು ಮೇಲ್ವಿಚಾರಕ ಶಶಿಧರ್‌ಗೆ ಫೋನ್ ಮಾಡಿದಳು. ಪಕ್ಕದೂರಿನ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಅವರು ಯಾವುದಕ್ಕೂ ಥಟ್ಟನೆ ಉತ್ತರ ಕೊಡುವವರು. ಈ ಸಲ ಜಾಗ ಯಾವುದೆಂದು ಎರಡೆರಡು ಸಲ ಕೇಳಿದರು. “ಅಲ್ಲೇ ಇರಿ, ಬರ್ತೀನಿ. ಅಲ್ಲಿವರೆಗೆ ಯಾರ ಹತ್ರಾನೂ ಏನೂ ಕೇಳ್ಬೇಡಿ,” ಎಂದರು.

ಒಂದು ಗಂಟೆ ಕಳೆದರೂ ಅವರು ಬರಲಿಲ್ಲ. ಕಾಯಲಾಗದೆ ಮಂಜುಳಾ ಏರಿ ಇಳಿದು ಹೋದಳು. ಮೊದಲ ಮನೆಯ ಮುಂದೆ ದ್ಯಾವಮ್ಮನೆಂಬ ಮುದುಕಿ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ನಲವತ್ತು ವರ್ಷದ ಕೆಳಗೆ ಗೆಂಡೆಹಳ್ಳಿ ಕಡೆಯಿಂದ ಕಲ್ಲು ಒಡೆಯಲು ಬಂದವರಂತೆ. ಕ್ವಾರಿ ಮುಚ್ಚಿದ ಮೇಲೆ ತೋಟದ ಕೂಲಿಗೆ ನಿಂತು ಅಲ್ಲೇ ಉಳಿದುಬಿಟ್ಟಿದ್ದರು.

“ಹೋದ ಸಲದ ಜನಗಣತೀಲಿ ನಿಮ್ಮನ್ನ ಯಾರು ಬರ್ಕೊಂಡ್ರು ಅಜ್ಜಿ?”

“ಯಾರೂ ಇಲ್ಲ ಕಣವ್ವ. ಬೇಲೂರು ಕಡೆಯೋನು ಬಂದು, ನೀವು ಅರಸೀಕೆರೆಗೆ ಸೇರಿದೋರು ಅಂದ. ಆ ಕಡೆಯೋರು ಬರ್ಲೇ ಇಲ್ಲ.” ಮುದುಕಿ ಕುಡುಗೋಲು ಕೆಳಗಿಟ್ಟಳು. “ಈ ಸಲಾನೂ ಬರೀಬ್ಯಾಡ. ಗೋಡೆ ಮ್ಯಾಲೆ ನಂಬರ್ ಬಿದ್ದ ದಿನಾನೇ ಜಾಗ ಖಾಲಿ ಮಾಡ್ಬೇಕು ಅಂತ ತ್ವಾಟದ ಯಜಮಾನ್ರು ಹೇಳವ್ರೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ ನಾನು? ನಿನ್ನ ಕೈ ಮುಗೀತೀನಿ, ಹೋಗ್ಬಿಡು.”

ಜನ ಬಾಗಿಲು ಹಾಕಿಕೊಳ್ಳಬಹುದು, ಹೆಸರು ಹೇಳದಿರಬಹುದು ಎಂದೆಲ್ಲ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಮ್ಮನ್ನು ಬಿಟ್ಟುಬಿಡು ಎಂದು ಕೈ ಮುಗಿಯುವವರ ವಿಷಯ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಇಂದು ಎಂಬ ಹೆಂಗಸು ಕಂಕುಳಲ್ಲಿ ಕೂಸು, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದಳು. ಹತ್ತನೇ ಕ್ಲಾಸು ಓದಿದ್ದ ಅವಳು ಎರಡು ವರ್ಷದಿಂದ ಕುಡಿಯುವ ನೀರಿಗಾಗಿ ಅರ್ಜಿ ಬರೆಯುತ್ತಿದ್ದಳು. ಅರ್ಜಿಗೆ ಉತ್ತರವಾಗಿ ಬಂದಿದ್ದ ಹಿಂಬರಹವನ್ನು ಕವರಿನಿಂದ ತೆಗೆದುಕೊಟ್ಟಳು. ಅದರಲ್ಲಿ ಒಂದೇ ಸಾಲಿತ್ತು: ಸದರಿ ಸ್ಥಳದಲ್ಲಿ ಜನವಸತಿ ಇರುವುದು ಕಂಡುಬಂದಿರುವುದಿಲ್ಲ.

“ನಾವು ಇಲ್ವೇ ಇಲ್ಲ ಅಂತ ಬರ್ದವ್ರೆ ಅಕ್ಕ. ಆ ಏರಿ ಹತ್ತಿ ಇಳಿದು ದಿನಕ್ಕೆ ಆರು ಬಿಂದಿಗೆ ಹೊರ್ತೀನಿ. ಹೊರೋಳು ಯಾರು ಹಂಗಾದ್ರೆ?”

“ಬಾಯ್ಮುಚ್ಚೇ ಇಂದು,” ದ್ಯಾವಮ್ಮ ಗದರಿದಳು. “ನೀನು ನೀರು ತರೋಕೋಗಿ ನಮ್ಮ ಮನೆ ಕಳೀತೀಯ.”

ಇಬ್ಬರ ಮಾತೂ ನಿಜವಾಗಿತ್ತು.

ಮೂರೂಮುಕ್ಕಾಲಿಗೆ ತೋಟದ ಕಡೆಯಿಂದ ಮರುಳಪ್ಪ ನಡೆದುಬಂದರು. ತೆಂಗಿನ ವ್ಯಾಪಾರದಲ್ಲಿ ಅರಸೀಕೆರೆ ಮಂಡಿಯವರೆಗೂ ಹೆಸರು ಮಾಡಿದ್ದ, ಎಪ್ಪತ್ತು ದಾಟಿದರೂ ಬೆನ್ನು ಬಾಗದ ಮನುಷ್ಯ. ಹಿಂದೆಯೇ ಬೈಕು ನಿಲ್ಲಿಸಿ ಶಶಿಧರ್ ಇಳಿದರು. ಅವರು ಮರುಳಪ್ಪನನ್ನು ದೊಡ್ಡಪ್ಪ ಎಂದು ಕರೆದದ್ದು ಕೇಳಿದಾಗ ಮಂಜುಳಾಗೆ ತಡವಾದ ಕಾರಣ ಗೊತ್ತಾಯಿತು. ಮರುಳಪ್ಪ ಅವರ ಅಪ್ಪನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅವರನ್ನು ಮಠದ ಹಾಸ್ಟೆಲಿಗೆ ಸೇರಿಸಿ ಓದಿಸಿದವರು.

“ಇವು ಮನೆ ಅಲ್ಲಮ್ಮ. ನನ್ನ ತೋಟದ ಕೂಲಿಯೋರ ಶೆಡ್ಡು,” ಎಂದರು ಮರುಳಪ್ಪ. “ಇವತ್ತು ನೀನು ನಂಬರ್ ಹಾಕ್ತೀಯ. ನಾಳೆ ಇವ್ರು ಹಕ್ಕು ಅಂತಾರೆ.”

“ಜನಗಣತಿಯಿಂದ ಯಾರಿಗೂ ಜಾಗದ ಹಕ್ಕು ಬರೋದಿಲ್ಲ ಸರ್, ಹೋಗೋದೂ ಇಲ್ಲ. ಯಾರು ಎಲ್ಲಿ ವಾಸ ಮಾಡ್ತಾರೆ ಅಂತಷ್ಟೇ ನಾವು ಬರೆಯೋದು. ಶೆಡ್ಡಾದ್ರೂ ಬರೀಬೇಕು.”

“ಒಂಬತ್ತು ವರ್ಷ ರಾಯಚೂರಲ್ಲಿದ್ದು ಈಗ ತಾನೆ ಊರ ಹತ್ರ ಬಂದಿದ್ದೀಯಂತೆ. ಮಗು ಬೇರೆ ಚಿಕ್ಕದಂತೆ. ಮತ್ತೆ ಆ ಕಡೆಗೆ ಹೋಗೋ ಆಸೆ ಐತಾ?”

ಇಷ್ಟನ್ನೆಲ್ಲ ತಿಳಿದುಕೊಂಡೇ ಬಂದಿದ್ದಾರೆ ಎಂದುಕೊಂಡಳು ಮಂಜುಳಾ. ಮಗಳನ್ನು ತಾಯಿಯ ಹತ್ತಿರ ಬಿಟ್ಟು ಹೋಗುತ್ತಿದ್ದ ಆ ವರ್ಷಗಳು ನೆನಪಾದವು. ಆದರೂ ಅವಳು ಶಶಿಧರ್ ಕಡೆ ತಿರುಗಿ, “ಸರ್, ಟೈಮ್ ಆಗ್ತಿದೆ. ಈ ಜಾಗ ಬಿಟ್ಟುಹೋಗಿದೆ ಅಂತ ನೀವು ಮೇಲಕ್ಕೆ ತಿಳಿಸ್ತೀರಾ, ಇಲ್ಲ ನಾನೇ ಬರೆದು ಕಳಿಸ್ಲಾ?” ಎಂದು ಕೇಳಿದಳು.

ಶಶಿಧರ್ ಕರ್ಚೀಫಿನಿಂದ ಮುಖ ಒರೆಸಿಕೊಂಡು, ದೊಡ್ಡಪ್ಪನಿಂದ ನಾಲ್ಕು ಹೆಜ್ಜೆ ದೂರ ಹೋಗಿ ಫೋನ್ ಮಾಡಿದರು. ಅತ್ತಲಿಂದ ಗಣತಿಯ ಉಸ್ತುವಾರಿ ಹೊತ್ತಿದ್ದ ಅಧಿಕಾರಿ ಬಸವಕುಮಾರ್ ಗಟ್ಟಿಯಾಗಿ ಮಾತಾಡುತ್ತಿದ್ದುದು ಎಲ್ಲರಿಗೂ ಕೇಳುತ್ತಿತ್ತು.

“ಸೇರಿಸೋಕೆ ನನ್ನದೇನೂ ಅಭ್ಯಂತರ ಇಲ್ಲ ಕಣ್ರೀ. ಆದ್ರೆ ಯಾವ ತಾಲ್ಲೂಕು? ಅದು ಗೊತ್ತಿಲ್ದೆ ಸೇರಿಸಿದ್ರೆ ನಾಳೆ ಅವರು ನಮ್ಮ ಮೇಲೆ, ನಾವು ಅವರ ಮೇಲೆ. ಗಡಿ ಕಲ್ಲೇನಾದ್ರೂ ಇದ್ರೆ ಫೋಟೋ ತೆಗೆದು ಕಳಿಸಿ. ಐದರೊಳಗೆ ಬಂದ್ರೆ ಸೇರಿಸ್ತೀನಿ. ಇಲ್ಲಾಂದ್ರೆ ನನ್ನ ಕೈಲಿಲ್ಲ.”

“ಕಲ್ಲೂ ಇಲ್ಲ ಗಿಲ್ಲೂ ಇಲ್ಲ,” ಎಂದರು ಮರುಳಪ್ಪ. “ನಂಗೆ ಗೊತ್ತಿರೋ ಹಾಗೆ ಇಲ್ಲಿ ಯಾವ ಕಲ್ಲೂ ಇರ್ಲಿಲ್ಲ. ಏನ್ಲಾ ಶಶಿ, ಹೇಳು ನಿಮ್ಮ ಸಾಹೇಬ್ರಿಗೆ.”

ಶಶಿಧರ್ ತೋಟದ ಕಡೆ ನೋಡಿದರು. ಫೋನು ಕಿವಿಯ ಹತ್ತಿರವೇ ಇತ್ತು. ಅತ್ತಲಿಂದ, “ಹಲೋ, ಇದೀರಾ?” ಎಂಬ ಧ್ವನಿ ಎರಡು ಸಲ ಬಂತು. ಮಂಜುಳಾ ಅವರನ್ನೇ ನೋಡುತ್ತಿದ್ದಳು. ಈ ಮನುಷ್ಯನಿಗೆ ಏನೋ ಗೊತ್ತಿದೆ ಎಂದು ಅವಳಿಗೆ ಆಗ ಅನ್ನಿಸಿತು.

“ಕಲ್ಲು ಇದೆ ಸರ್,” ಎಂದರು ಶಶಿಧರ್ ಕೊನೆಗೆ. “ತೋಟದ ಪಂಪ್‌ಹೌಸ್ ಪಕ್ಕ. ಚಿಕ್ಕವನಿದ್ದಾಗ ಅದರ ಮೇಲೆ ಕೂತು, ಈ ಕಾಲು ಬೇಲೂರಲ್ಲಿ, ಈ ಕಾಲು ಅರಸೀಕೆರೇಲಿ ಅಂತ ಆಡ್ತಿದ್ವಿ. ಫೋಟೋ ಕಳಿಸ್ತೀನಿ.”

ಮರುಳಪ್ಪನ ಮುಖ ಕಪ್ಪಿಟ್ಟಿತು. ಆ ಕಲ್ಲಿನಿಂದ ಈಚೆಗಿದ್ದದ್ದೆಲ್ಲ ಸರ್ಕಾರಿ ಗೋಮಾಳ. ಅವರ ತೋಟದ ಬೇಲಿ ಕಲ್ಲನ್ನು ದಾಟಿ ಎಷ್ಟೋ ಮಾರು ಮುಂದಕ್ಕೆ ಬಂದಿತ್ತು. ಕಲ್ಲು ಯಾರ ಕಣ್ಣಿಗೂ ಬೀಳಬಾರದಿತ್ತು.

“ಶಶಿ, ತೋಟದ ಗೇಟು ದಾಟಿದ್ರೆ ನನ್ನ ಮನೆ ಹೊಸ್ತಿಲು ತುಳೀಬೇಡ.”

ಶಶಿಧರ್ ಗೇಟಿನ ಚಿಲಕಕ್ಕೆ ಕೈ ಹಾಕಿದರು. “ನಿಮ್ಮ ಬೇಲಿ ವಿಷಯ ನಾನು ಎಲ್ಲೂ ಎತ್ತೋದಿಲ್ಲ ದೊಡ್ಡಪ್ಪ. ಆದ್ರೆ ಇಲ್ಲಿ ಮನುಷ್ಯರೇ ಇಲ್ಲ ಅಂತ ನನ್ನ ಕೈಯಾರೆ ಒಪ್ಪಿಗೆ ಕೊಡೋಕಾಗಲ್ಲ,” ಎಂದು ಒಳಗೆ ಹೋದರು. ಮಂಜುಳಾ ಹಿಂದೆಯೇ ನಡೆದಳು.

ಪಂಪ್‌ಹೌಸ್ ಪಕ್ಕದಲ್ಲಿ ಕಲ್ಲು ಕಾಣಲಿಲ್ಲ. ಅಲ್ಲಿ ಆಳೆತ್ತರದ ತೆಂಗಿನ ಮಟ್ಟೆಯ ರಾಶಿ ಇತ್ತು. ಗಂಟೆ ನಾಲ್ಕೂ ಹತ್ತು. ಇಬ್ಬರೂ ಮಟ್ಟೆ ಎತ್ತಿ ಎತ್ತಿ ಎಸೆಯತೊಡಗಿದರು. ಹತ್ತು ನಿಮಿಷವಾದರೂ ರಾಶಿಯ ಒಂದು ಮೂಲೆಯೂ ಕರಗಲಿಲ್ಲ. ಮಂಜುಳಾಳ ಅಂಗೈ ತರಚಿ ಉರಿಯುತ್ತಿತ್ತು.

ಗೇಟಿನಲ್ಲಿ ಸದ್ದಾಯಿತು. ಇಂದು ಕೂಸನ್ನು ಯಾರ ಕೈಗೋ ಕೊಟ್ಟು ಓಡಿಬಂದಳು. ಹಿಂದೆ ಇನ್ನೂ ಐದಾರು ಹೆಂಗಸರು. ಎಲ್ಲರಿಗಿಂತ ಹಿಂದೆ, ಮರುಳಪ್ಪನ ಮುಂದೆಯೇ ತಲೆ ತಗ್ಗಿಸಿಕೊಂಡು ದ್ಯಾವಮ್ಮ ಬಂದಳು.

“ನೀನೂ ಏನೇ ದ್ಯಾವಿ?” ಎಂದರು ಮರುಳಪ್ಪ.

ಅವಳು ನಿಂತು, “ಬಯ್ಯಿ ಯಜಮಾನ, ಬಯ್ಯಿ. ಕಲ್ಲಿನಿಂದೀಚೆ ನಿಂದಲ್ಲ ಅಂತ ಈಗ ತಿಳೀತು. ಮೂವತ್ತು ವರ್ಸ ನಿನ್ನ ಮಟ್ಟೆ ಹೊತ್ತಿವ್ನಿ. ಇವತ್ತೊಂದಿನ ನನಗೋಸ್ಕರ ಹೊರ್ತೀನಿ,” ಎಂದು ರಾಶಿಗೆ ಕೈ ಹಾಕಿದಳು.

ಅಭ್ಯಾಸವಿದ್ದ ಕೈಗಳು. ಮಟ್ಟೆಗಳು ಸಾಲು ಹಿಡಿದು ಹಿಂದಕ್ಕೆ ಹೋದವು. ನಾಲ್ಕು ಮೂವತ್ತೆಂಟಕ್ಕೆ ಕಲ್ಲಿನ ನೆತ್ತಿ ಕಂಡಿತು. ಇಂದು ಸೆರಗಿನಿಂದ ಮಣ್ಣೊರೆಸಿದಳು. ಮೇಲೆ ಗಡಿಯ ಗೀರು, ಎರಡು ಬದಿಗೂ ಸವೆದ ಅಕ್ಷರ. ಗೀರಿನಿಂದ ನೋಡಿದರೆ ಹದಿನಾರೂ ಮನೆ ಬೇಲೂರು ತಾಲ್ಲೂಕಿನ ಕಡೆಗಿದ್ದವು.

ಮಂಜುಳಾ ಫೋಟೋ ತೆಗೆದು ಬಸವಕುಮಾರ್‌ಗೆ ಕಳಿಸಿದಳು, ಹೋಗಲಿಲ್ಲ. ತೋಟದೊಳಗೆ ನೆಟ್‌ವರ್ಕ್ ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು ಏರಿಯ ಕಡೆ ಓಡಿದಳು. ಮೇಲೆ ಹತ್ತಿ ನಿಂತಾಗ ನಾಲ್ಕು ಐವತ್ತೊಂದು. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಒಮ್ಮೆ ನಿಂತೇಹೋಯಿತು. ಮತ್ತೆ ಒತ್ತಿದಳು. ನಾಲ್ಕು ಐವತ್ತೈದಕ್ಕೆ ಹೋಯಿತು. ಆಮೇಲಿನ ನಾಲ್ಕು ನಿಮಿಷ ಅವಳು ಮೊಬೈಲು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಐದಕ್ಕೆ ಒಂದು ನಿಮಿಷವಿರುವಾಗ ನಕ್ಷೆ ಹೊಸದಾಗಿ ತೆರೆದುಕೊಂಡಿತು. ಕೆಂಪು ಗೆರೆ ಏರಿ ದಾಟಿ, ಕ್ವಾರಿ ಬಳಸಿ, ಕಲ್ಲಿನವರೆಗೂ ಹೋಗಿತ್ತು. ಅವಳು ಏರಿಯ ಮೇಲೆ ಕುಕ್ಕರಿಸಿ ಅತ್ತುಬಿಟ್ಟಳು.

ಮರುಳಪ್ಪ ಹೇಳಿದಂತೆಯೇ ನಡೆದುಕೊಂಡರು. ಮುಂದಿನ ವಾರ ಅವರ ಮೊಮ್ಮಗಳು ಸಿರಿಯ ನಿಶ್ಚಿತಾರ್ಥಕ್ಕೆ ಶಶಿಧರ್‌ಗೆ ಕರೆ ಬರಲಿಲ್ಲ. ಆ ಹದಿನಾರು ಮನೆಯವರನ್ನು ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ಹೆಂಗಸರು ಜಾವಗಲ್ಲಿನ ಕಡೆಯ ತೋಟಗಳಿಗೆ ಆಟೋ ಹಿಡಿದು ಹೋಗಬೇಕಾಯಿತು. ಖಾಲಿ ಮಾಡಿಸುವ ಮಾತನ್ನು ಮಾತ್ರ ಅವರು ಮತ್ತೆ ಆಡಲಿಲ್ಲ. ಕಲ್ಲು ಹೊರಗೆ ಕಂಡಿತ್ತಲ್ಲ.

ಮನೆಪಟ್ಟಿಯ ದಿನ ಮಂಜುಳಾ ಹದಿನಾಲ್ಕು ಮನೆ ಬರೆದಳು. ಎರಡಕ್ಕೆ ಬೀಗವಿತ್ತು. ಯಜಮಾನರ ಹೆದರಿಕೆಗೆ ಆ ಮನೆಯವರು ನೆಂಟರ ಮನೆಗೆ ಹೋಗಿದ್ದಾರೆಂದು ಇಂದು ಹೇಳಿದಳು. ಮಂಜುಳಾ ಎರಡು ದಿನ ಬಿಟ್ಟು ಮತ್ತೆ ಬಂದಳು. ಬೀಗ ಹಾಗೇ ಇತ್ತು. ಮೂರನೆಯ ಸಲ ಬಂದಾಗ ಒಂದು ಮನೆಯ ಬಾಗಿಲು ತೆರೆದಿತ್ತು. ಒಳಗಿನ ಗಂಡಸು ಅವಳನ್ನು ಬಹಳ ಹೊತ್ತು ನೋಡಿ, ಒಂದು ಚಾಪೆ ತಂದು ಹಾಸಿದ.

“ಕೂತ್ಕಳಿ ಮೇಡಂ,” ಎಂದ. “ಎಷ್ಟು ಜನ ಅಂತ ಬರೀಬೇಕು? ಐದು ಜನ ಇದ್ದೀವಿ.”