ವರ್ಲಿನ್ ತಂದ ಗಿಟಾರುಗಳು

ವರ್ಲಿನ್ ಹ್ಯಾಚರ್‌ನ ಎಡಗೈಯ ಉಂಗುರದ ಬೆರಳು ಮೊದಲ ಸಲ ಕೈಕೊಟ್ಟದ್ದು ಟಲ್ಸಾ ಊರಿನ ಒಂದು ಡ್ಯಾನ್ಸ್ ಹಾಲಿನಲ್ಲಿ, ಶನಿವಾರದ ಜನರೆದುರು ಗಿಟಾರ್ ಬಾರಿಸುವಾಗ. ನಾನು ಪಕ್ಕದಲ್ಲೇ ಬೇಸ್ ಗಿಟಾರ್ ಹಿಡಿದು ನಿಂತಿದ್ದೆ. ತಂತಿ ಒತ್ತಬೇಕಾದ ಬೆರಳು ಅಂಗೈಯೊಳಗೆ ಸುರುಟಿಕೊಂಡಿತು. ಉಳಿದ ಬೆರಳುಗಳಲ್ಲೇ ಹೇಗೋ ಹಾಡು ಮುಗಿಸಿದ.

"ಗಿಟಾರ್‌ದೇ ತಪ್ಪು ಕಣೋ ಡೂಲಿ," ಎಂದ, ವ್ಯಾನಿಗೆ ಸಾಮಾನು ತುಂಬುವಾಗ. "ಕೈ ಹಿಡಿಯೋ ಕುತ್ತಿಗೆ ತೀರಾ ಸಣ್ಣ. ಹಳೇ ಕಾಲದ್ದಾದ್ರೆ ಕೈತುಂಬ ಸಿಗ್ತಿತ್ತು."

ನಿಜವಾದ ಹಳೆಯ ಗಿಟಾರು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಅವನು ತಂದದ್ದು ಹೊಸದೇ, ಆದರೆ ಐವತ್ತರ ದಶಕದ ಅಚ್ಚು: ದಪ್ಪ ಕುತ್ತಿಗೆ, ಹಳದಿಗಟ್ಟಿದಂತೆ ಕಾಣುವ ವಾರ್ನಿಶ್, ಹಳೆಯದಾಗಿ ಕಾಣಲೆಂದು ಮಾಡಿದವರೇ ಉಜ್ಜಿಟ್ಟ ಗೀರುಗಳು. ಅದನ್ನು ಹಿಡಿದಾಗ ಬೆರಳು ನಿಜಕ್ಕೂ ಬಿಚ್ಚಿಕೊಂಡಿತು. ಮಗುವಿನ ಹಾಗೆ ನಕ್ಕ. ಕೆಲವು ವಾರ ಕಳೆದ ಮೇಲೆ ಮತ್ತೆ ಸುರುಟಿತು. ಆಗ ಟೊಳ್ಳು ಹೊಟ್ಟೆಯ ಕೆಂಪು ಗಿಟಾರು ಬಂತು. ಅದೂ ಕೆಲವೇ ದಿನದ ಆಸೆ. ಆಮೇಲೆ ತಿಳಿಹಸಿರಿನದು, ಆಮೇಲೆ ಕೆನೆ ಬಣ್ಣದ್ದು. ಅವನ ಮನೆಯ ಊಟದ ಕೋಣೆಯ ಗೋಡೆಗಳು ತುಂಬಿಹೋದವು.

"ಇನ್ನೊಂದು ತಂದ್ರೆ ನನ್ನ ಕುತ್ತಿಗೆಗೇ ನೇತಾಕು," ಎಂದಳು ಅವನ ಹೆಂಡತಿ ರಮೋನಾ, ಬೀನ್ಸ್ ಬಡಿಸುತ್ತ.

"ನಿನ್ನ ಕುತ್ತಿಗೆ ಶ್ರುತೀಲಿ ನಿಲ್ಲಲ್ಲ ಕಣೇ."

ಕೊನೆಗೆ ಅವಳೇ ಹಠ ಹಿಡಿದು ಡಲ್ಲಾಸಿನ ನರವೈದ್ಯರ ಬಳಿ ಹೊರಡಿಸಿದಳು. ಕಾರು ಓಡಿಸಿದವನು ನಾನು. ಡಾಕ್ಟರು ಅವನಿಂದ ಅಂಗಿಯ ಗುಂಡಿ ಹಾಕಿಸಿದರು, ಮೇಜಿನಿಂದ ಸೂಜಿ ಹೆಕ್ಕಿಸಿದರು. ಬೆರಳು ಹೇಳಿದ ಮಾತು ಕೇಳಿತು. ಗಿಟಾರು ಕೈಗೆ ಕೊಟ್ಟದ್ದೇ ಒಳಗೆ ಮಡಿಚಿತು.

"ಕೈಗೇನೂ ಆಗಿಲ್ಲ. ಮಿದುಳಲ್ಲಿ ಆ ಬೆರಳುಗಳ ಗುರುತು ಕಲಸಿಹೋಗಿದೆ," ಎಂದರು. "ಗಿಟಾರ್ ಬದಲಾದಾಗ ಮಿದುಳು ಸ್ವಲ್ಪ ದಿನ ಮೋಸ ಹೋಗುತ್ತೆ, ಅಷ್ಟೆ."

"ಹಂಗಾದ್ರೆ ಮೋಸ ಮಾಡ್ತಾನೇ ಇರ್ತೀನಿ ಡಾಕ್ಟ್ರೇ."

ಡಾಕ್ಟರು ತೋಳಿಗೆ ಸ್ನಾಯು ಸಡಿಲಿಸುವ ಚುಚ್ಚುಮದ್ದು ಕೊಟ್ಟರು. ಸುರುಟುವುದು ನಿಂತಿತು, ತಂತಿ ಒತ್ತುವ ಬಲವೂ ಹೋಯಿತು. ಮದ್ದಿನ ಶಕ್ತಿ ಇಳಿದಾಗ ಎರಡೂ ಮರಳಿ ಬಂದವು.

ಬೇಸಿಗೆಯ ಕಾರ್ಯಕ್ರಮಗಳಿಗೆ ನಮ್ಮ ತಂಡದವರು ಅವನ ಬದಲು ಬೇರೊಬ್ಬನನ್ನು ಗೊತ್ತುಮಾಡಿದರು. ಅದನ್ನು ಅವನಿಗೆ ಹೇಳಿ ಬರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೋದಾಗ ವರ್ಲಿನ್ ಹೊಸ ಪೆಟ್ಟಿಗೆ ಬಿಚ್ಚುತ್ತಿದ್ದ. ಒಳಗೆ ಕಪ್ಪು ಗಿಟಾರು. ಮಾತು ಹೇಗೆ ತೆಗೆಯಲಿ ಎಂದು ನಾನು ಟೋಪಿ ತಿರುಗಿಸುತ್ತ ನಿಂತೆ.

"ಯಾರು ಅವನು?" ಎಂದು ನನ್ನ ಮುಖ ನೋಡಿಯೇ ಊಹಿಸಿ ಅವನೇ ಕೇಳಿದ.

"ವಿಚಿಟಾದವನು."

"ಚೆನ್ನಾಗಿ ಬಾರಿಸ್ತಾನಾ?"

"ಬಾರಿಸ್ತಾನೆ."

"ನನ್ನವು ಒಂದನ್ನೂ ಅವನು ಮುಟ್ಟಕೂಡದು. ಹೇಳ್ಬಿಡು."

ಕೋಪ ಇಳಿದ ಮೇಲೆ ನನ್ನನ್ನು ಸೋಫಾದ ಮೇಲೆ ಎಡಕ್ಕೆ ಕೂರಿಸಿಕೊಂಡು ಗಿಟಾರನ್ನು ಇಬ್ಬರ ಮಡಿಲಿಗೂ ಅಡ್ಡ ಹಾಕಿದ. "ನೀನು ತಂತಿ ಒತ್ತು. ನಾನು ಮೀಟ್ತೀನಿ." ಅವನ ಬಲಗೈ ಎಂದಿನಂತೆಯೇ ಚುರುಕಾಗಿತ್ತು. ದಪ್ಪ ತಂತಿಗೆ ಒಗ್ಗಿದ ನನ್ನ ಬೆರಳುಗಳು ತಡವರಿಸಿದವು.

"ಬೇಗ ಕಣೋ, ಎಮ್ಮೆ ನಡೆದಂಗೆ ನಡೀತೀಯ!"

ಬೈಸಿಕೊಳ್ಳುತ್ತಲೇ ಹೇಗೋ ಹಾಡಿನ ಮೊದಲ ಸಾಲು ಬಂತು. ಅಡುಗೆಮನೆಯಲ್ಲಿ ರಮೋನಾಳ ಪಾತ್ರೆ ಸದ್ದು ನಿಂತಿತು. ಎರಡನೆಯ ಸಾಲೂ ಬಂತು. ಆಗ ನನ್ನ ಕಣ್ಣು ಅವನ ತೊಡೆಯ ಮೇಲೆ ಬಿತ್ತು. ಯಾವ ತಂತಿಯನ್ನೂ ಮುಟ್ಟದೆ ಸುಮ್ಮನೆ ಬಿದ್ದಿದ್ದ ಎಡಗೈಯಲ್ಲಿ ಆ ಬೆರಳು ಗಟ್ಟಿಯಾಗಿ ಒಳಕ್ಕೆ ಸೇರಿಕೊಂಡಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ.

ರಮೋನಾ ಬಂದು ಅವನ ಮುಂದೆ ನೆಲದ ಮೇಲೆ ಕುಳಿತು ಆ ಬೆರಳನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಮೊದಲಿಂದ," ಎಂದ ವರ್ಲಿನ್, ನಮ್ಮಿಬ್ಬರನ್ನೂ ನೋಡದೆ.

ನಾನು ಮತ್ತೆ ತಂತಿ ಒತ್ತಿದೆ.