ಗ್ರಿಡ್ಡಿಗೆ ಕೂತ ಓಣಿ

ತಮ್ಮನ ಕೈಗೆ ಮೌಸ್ ಹಿಡಿಯಲು ಆಗದ ಮೇಲೆ ಅಕ್ಕನ ಕೈಯೇ ಅವನ ಕೈಯಾಯಿತು. ಮೊದಲು ಬಲಗೈ ಹೋಯಿತು, ಅದರ ಬೆನ್ನಿಗೇ ಎಡಗೈ. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಮುಂದೆ ಮಾತೂ ಹೋಗಬಹುದು ಎಂದು ಡಾಕ್ಟರು ತಲೆ ತಗ್ಗಿಸಿಕೊಂಡೇ ಹೇಳಿದ್ದರು. ಅಕ್ಕ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಅವಳ ಮಷೀನು. ಅಲ್ಲೇ ಕಿಟಕಿಯ ಪಕ್ಕ ತಮ್ಮನ ಗಾಲಿಕುರ್ಚಿ, ಅವನ ಕಂಪ್ಯೂಟರು. ಬೆಳಿಗ್ಗೆಯೆಲ್ಲ ಗಿರಾಕಿಗಳ ಕೆಲಸ ಮಾಡಿ, ಮಧ್ಯಾಹ್ನ ಸೆರಗಿಗೆ ಅಂಟಿದ ನೂಲಿನ ಎಳೆ ಕೊಡವಿಕೊಂಡು ಅವಳು ಮೌಸ್ ಹಿಡಿಯುತ್ತಿದ್ದಳು.

ತಮ್ಮ ಕಟ್ಟುತ್ತಿದ್ದದ್ದು ಒಂದು ಓಣಿ. ಇಬ್ಬರೂ ಹುಟ್ಟಿ ಬೆಳೆದ ಓಣಿ. ಅಮ್ಮ ಹೋದ ಮರುವರ್ಷವೇ ರಸ್ತೆ ಅಗಲ ಮಾಡುವವರು ಬಂದು ಅದನ್ನು ನೆಲಸಮ ಮಾಡಿದ್ದರು. ನೆಟ್ಟಗಿನ ಒಂದು ಫೋಟೋ ಕೂಡ ಉಳಿದಿರಲಿಲ್ಲ. ಬೇರೆಯವರ ಕಂಪ್ಯೂಟರ್ ಆಟಗಳಿಗೆ ಕೋಟೆ, ಗುಹೆ, ಹಡಗು ಕಟ್ಟಿಕೊಟ್ಟು ಹೊಟ್ಟೆ ಹೊರೆದವನು ತಮ್ಮ. ಬೆರಳು ನಡುಗತೊಡಗಿದ ಮೇಲೆ ಅದನ್ನೆಲ್ಲ ಬಿಟ್ಟು, ಆಟ ಕಟ್ಟುವ ಅದೇ ಎಡಿಟರಿನಲ್ಲಿ ಓಣಿಯನ್ನು ನೆನಪಿನಿಂದಲೇ ಎಬ್ಬಿಸತೊಡಗಿದ್ದ. ಮಾತು ಇರುವಾಗಲೇ ಮುಗಿಯಬೇಕು, ಒಂದು ಸಲ ಅದರೊಳಗೆ ತಿರುಗಾಡಿ, ಅಮ್ಮ ಕೂರುತ್ತಿದ್ದ ಮೆಟ್ಟಿಲು ಹತ್ತಬೇಕು. ಬೇರೇನನ್ನೂ ಅವನು ಬೇಡಿರಲಿಲ್ಲ.

ಅಕ್ಕನ ಗಂಡ ಬಸ್ ಡ್ರೈವರು. ಡ್ಯೂಟಿ ಮುಗಿಸಿ ಬಂದವನೇ ಬಾಗಿಲಲ್ಲೇ ನಿಂತು ಕೆಣಕುವನು.

"ಏನಪ್ಪಾ ಕಂಟ್ರಾಕ್ಟರೇ, ಇಟ್ಟಿಗೆ ಬೇಡ, ಸಿಮೆಂಟು ಬೇಡ, ಆದ್ರೂ ನಿನ್ನ ಓಣಿ ಮುಗಿಯೋ ಹಾಗೆ ಕಾಣಲ್ವಲ್ಲ!"

"ಮೇಸ್ತ್ರಿ ಹೊಸಬಳು ಭಾವ. ಬೈಯೋ ಹಾಗೂ ಇಲ್ಲ, ಊಟ ಹಾಕೋಳೂ ಅವಳೇ."

"ಆ ಕಷ್ಟ ನನಗೆ ಹೇಳ್ಬೇಡ. ನಾನು ನಿನಗಿಂತ ಸೀನಿಯರ್ರು."

ಎಡಿಟರಿನ ಮೇಲ್ಗಡೆ ಮೂಲೆಯಲ್ಲಿ ಸ್ನ್ಯಾಪ್ ಎಂಬ ಒಂದು ಸಂಖ್ಯೆ ಇರುತ್ತದೆ. ಅದನ್ನು ಹತ್ತಕ್ಕೆ ಇಟ್ಟರೆ ಗೋಡೆಯಾಗಲಿ ಬಾಗಿಲಾಗಲಿ ಹತ್ತು ಹತ್ತು ಸೆಂಟಿಮೀಟರು ಕಪ್ಪೆಯ ಹಾಗೆ ನೆಗೆದು, ಗ್ರಿಡ್ಡು ಎಂಬ ಚೌಕಳಿಯ ಗೆರೆಗೇ ಹೋಗಿ ಕೂರುತ್ತದೆ. ಒಂದಕ್ಕೆ ಇಟ್ಟರೆ ಪುಟ್ಟ ಹೆಜ್ಜೆ. ಆರಿಸಿಯೇಬಿಟ್ಟರೆ ಕೈ ಎಳೆದ ಕಡೆ ಜಾರುತ್ತದೆ, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಕೋಟೆಗಳನ್ನು ಐವತ್ತು, ನೂರರ ಹೆಜ್ಜೆಯಲ್ಲಿ ಕಟ್ಟಿದ್ದವನು, ತಮ್ಮ ಮನೆಯಿದ್ದ ಸಾಲನ್ನು ಮಾತ್ರ ಸ್ನ್ಯಾಪ್ ಆರಿಸಿ ಬರೀ ಕೈಯಂದಾಜಿನಲ್ಲಿ ಕಟ್ಟಿದ್ದ. ಉಳಿದ ಎದುರುಸಾಲನ್ನು ಕಟ್ಟುವ ಅಕ್ಕನಿಗೆ ಅದು ಒಗ್ಗಲಿಲ್ಲ. ಅವಳು ಇಟ್ಟ ಕಿಟಕಿಗಳು ಗೋಡೆ ಬಿಟ್ಟು ಗಾಳಿಯಲ್ಲಿ ತೇಲಿದವು.

"ಐದಕ್ಕೆ ಇಡ್ಲಾ, ಹತ್ತಕ್ಕಾ?"

"ನಿನ್ನ ಕೈಗೆ ಯಾವುದು ಬಗ್ಗುತ್ತೋ ಅದು."

"ಹಾಗಾದ್ರೆ ಹತ್ತು."

"ಹತ್ತೇ ಇರ್ಲಿ ಬಿಡಮ್ಮ. ಎದುರುಸಾಲಿನವರೇನು ಟೇಪು ಹಿಡ್ಕೊಂಡು ಬಂದು ಜಗಳ ಆಡಲ್ಲ."

ಎದುರುಸಾಲು ಬೇಗ ಎದ್ದಿತು. ತಂಟೆ ಶುರುವಾದದ್ದು ಓಣಿಯ ಮುಚ್ಚಿದ ಕೊನೆಯಲ್ಲಿ, ಅವನ ಗೋಡೆಗೆ ಅವಳ ಗೋಡೆ ಸೇರಬೇಕಾದಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅವನದು ಗೆರೆಗೆ ಸಿಗದ್ದು, ಅವಳದು ಗೆರೆ ಬಿಡದ್ದು. ಒಂದು ಹೆಜ್ಜೆ ಮುಂದಿಟ್ಟರೆ ಒಂದರೊಳಗೊಂದು ತೂರುತ್ತಿತ್ತು, ಹಿಂದಿಟ್ಟರೆ ನಡುವೆ ಸಂದಿ.

"ಅಲ್ಲಿ ಬೆಳಕು ಸೋರ್ತಿದೆ ಅಕ್ಕ. ಕಣ್ಣಿಗೆ ಚುಚ್ಚುತ್ತೆ."

ಅವನು ಆಡಿದ್ದು ಅಷ್ಟೇ ಮಾತು. ಅವಳಿಗೆ ಅದು ನಾಟಿತು. ಹೊಲಿಗೆ ಬಿಟ್ಟುಕೊಂಡ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಟ್ಟ ಹಾಗೆ ನಾಚಿಕೆಯಾಯಿತು.

ಮರುದಿನ ಭಾವ ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ. ಅಕ್ಕ ಒಬ್ಬಳೇ ಕೂತು ಮೆನುಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಒಂದರಲ್ಲಿ, ಆಯ್ದುಕೊಂಡದ್ದನ್ನೆಲ್ಲ ನೇರ ಮಾಡಿ ಗ್ರಿಡ್ಡಿಗೆ ಕೂರಿಸುವ ಆಜ್ಞೆ ಸಿಕ್ಕಿತು. ಓರೆ ಹೊಲಿಗೆ ಕಂಡರೆ ಬಿಚ್ಚದೆ ಬಿಟ್ಟವಳಲ್ಲ ಅವಳು. ಇಡೀ ಓಣಿಯನ್ನು ಆಯ್ದುಕೊಂಡು ಗುಂಡಿ ಒತ್ತಿದಳು. ಗಂಟೆ ಕೇಳಿದ ಶಾಲೆಮಕ್ಕಳಂತೆ ಗೋಡೆ, ಹೊಸ್ತಿಲು, ಕಿಟಕಿಗಳೆಲ್ಲ ಒಂದು ಸಲ ಮಿಸುಕಿ ಸಾಲಾಗಿ ನಿಂತವು. ಸಂದಿ ಮುಚ್ಚಿತು. ಅವಳಿಗೆ ಹಿಗ್ಗೋ ಹಿಗ್ಗು. ಉಳಿಸಿದಳು. 'ದಿನದ ಕೆಲಸ ಮುಗಿದ ಮೇಲೆ ಬೇರೆ ಎತ್ತಿಟ್ಟ ಕಾಪಿಯ ಮೇಲೂ ಹಾಕಿಬಿಡು' ಎಂದು ತಮ್ಮ ಕಲಿಸಿದ್ದನ್ನು ಮರೆಯದೆ, ಇದ್ದ ಒಂದೇ ಕಾಪಿಯ ಮೇಲೂ ಹಾಕಿದಳು. ಕಂಪ್ಯೂಟರು ಆರಿಸಿ, ಇಸ್ತ್ರಿ ಮಾಡುತ್ತ ಅವರ ದಾರಿ ಕಾದಳು.

ತಮ್ಮ ಬಂದ. ಅಕ್ಕ ಹಚ್ಚಿಕೊಟ್ಟ ಪರದೆ ನೋಡಿದ. ಸಂದಿ ಇದ್ದ ಕಡೆ ಅವನ ಕಣ್ಣು ಹೋಗಲೇ ಇಲ್ಲ.

"ನಮ್ಮನೆ ಹತ್ರ ಹೋಗು."

ಹೋದಳು.

"ಮೆಟ್ಟಿಲ ಹತ್ರ."

ಅಮ್ಮ ಕೂತು ಕೂತು ಒಂದು ಮಗ್ಗುಲಿಗೆ ವಾಲಿದ್ದ ಮೆಟ್ಟಿಲು ಈಗ ಯಾವುದೋ ಆಫೀಸಿನ ಮೆಟ್ಟಿಲಿನಂತೆ ಮಟ್ಟಸವಾಗಿತ್ತು. ಬಾಗಿಲ ಓರೆ ಹೋಗಿತ್ತು. ಪಕ್ಕದ ಗೋಡೆಯ ಉಬ್ಬು ಹೋಗಿತ್ತು. ಯಾರ ಮನೆಯಾದರೂ ಆಗಬಹುದಾದ ಒಂದು ಮನೆ ಅಲ್ಲಿ ನಿಂತಿತ್ತು.

"ಏನು ಮಾಡ್ದೆ ಅಕ್ಕ?"

ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು.

"ಕಾಪಿ?"

"ಅದರ ಮೇಲೂ ಹಾಕ್ದೆ. ನೀನೇ ಹೇಳಿದ್ದಲ್ವೇನೋ..."

"ಹೌದು. ನಾನೇ ಹೇಳಿದ್ದು."

ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಭಾವ "ಮಿಂಚಿ ಹೋದ ಕಾರ್ಯಕ್ಕೆ..." ಎಂದು ಶುರುಮಾಡಿ, ಇಬ್ಬರ ಮುಖ ನೋಡಿ ಗಾದೆಯನ್ನು ಅರ್ಧಕ್ಕೇ ನುಂಗಿದ. ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದ.

"ಎಷ್ಟು ವಾಲಿತ್ತು ಹೇಳೋ. ಸ್ನ್ಯಾಪ್ ಒಂದಕ್ಕೆ ಇಡ್ತೀನಿ, ಬೇಡ ಅಂದ್ರೆ ಆರಿಸ್ತೀನಿ. ನೀನು ಹೇಳಿದ ಹಾಗೇ ಕೂರಿಸ್ತೀನಿ, ಎಷ್ಟು ದಿನ ಆದ್ರೂ ಆಗ್ಲಿ."

"ಎಷ್ಟು ಅಂತ ಹೇಳ್ಲಿ? ಅದಕ್ಕೆ ಲೆಕ್ಕ ಇರ್ಲಿಲ್ಲ ಅಕ್ಕ. ಕೈ ಎಳೀತಿತ್ತು, ಕಣ್ಣು ಸಾಕು ಅಂದಾಗ ಬಿಡ್ತಿದ್ದೆ. ಈಗ ಆ ಕೈ ಎಲ್ಲಿಂದ ತರ್ಲಿ?"

ಅವಳು ತನ್ನದೇ ನೆನಪನ್ನು ಕೆದಕಿದಳು. "ಎಡಕ್ಕಲ್ವಾ ವಾಲಿದ್ದು?"

"ಬಲಕ್ಕೆ."

"ಅಮ್ಮ ಗೋಡೆಗೆ ಒರಗ್ತಿದ್ಳು ಕಣೋ. ಗೋಡೆ ಎಡಗಡೆ ಇತ್ತು."

ತಮ್ಮ ಪರದೆಯ ಮೇಲಿನ ಮೆಟ್ಟಿಲನ್ನೇ ನೋಡಿದ. "ಇರಬಹುದು," ಎಂದ ಆಮೇಲೆ. "ಕಟ್ಟುವಾಗ ಗೊತ್ತಿತ್ತು. ಕಟ್ಟಿದ ಮೇಲೆ ಅದನ್ನೇ ನೋಡ್ತಿದ್ನಲ್ಲ, ಬೇರೆ ಯಾಕೆ ನೆನಪಿಟ್ಕೋಬೇಕು ಅಂತ ಬಿಟ್ಬಿಟ್ಟೆ."

ಅಕ್ಕ ಸ್ನ್ಯಾಪನ್ನು ಒಂದಕ್ಕೆ ಇಳಿಸಿದಳು. ಮೆಟ್ಟಿಲಿನ ಅಂಚನ್ನು ಹಿಡಿದು ಒಂದು ಹೆಜ್ಜೆ ತಗ್ಗಿಸಿದಳು.

"ಈಗ?"

"ಇನ್ನೊಂಚೂರು."

"ಈಗ?"

"ಜಾಸ್ತಿ ಆಯ್ತೇನೋ."

ಮೇಲೆತ್ತಿದಳು, ಮತ್ತೆ ಇಳಿಸಿದಳು, ಆ ಕಡೆಗೂ ವಾಲಿಸಿ ನೋಡಿದಳು. ಹೊರಗಿನ ಬಿಸಿಲು ಕಿಟಕಿಯಿಂದ ಮಷೀನಿನ ಮೇಲಕ್ಕೆ ಸರಿಯಿತು. ಮೊದಮೊದಲು ಕತ್ತು ಮುಂದೆ ಚಾಚಿ ಹುಡುಕುತ್ತಿದ್ದವನು ಬರಬರುತ್ತ ಎಲ್ಲದಕ್ಕೂ "ಹಾಂ" ಎನ್ನತೊಡಗಿದ. ಅವಳಿಗೆ ಅನುಮಾನ ಬಂತು. ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಏನನ್ನೂ ಮುಟ್ಟದೆ ಒಂದು ಗಳಿಗೆ ಕಾದು ಕೇಳಿದಳು:

"ಈಗ?"

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ಈಗ ಸರಿಹೋಯ್ತು ಅಕ್ಕ. ಹೀಗೇ ಇತ್ತು. ಉಳಿಸಿಬಿಡು."

ಅವಳು ಉಳಿಸಿದಳು.